ಪರದೇಶದ ಸೇವೆಯಲ್ಲಿ ನಿಂತುಹೋದ ಪ್ರಾರ್ಥನೆ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರಿಂದ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಊರುಗಳ ಹೆಸರನ್ನು ಬಿಟ್ಟಿದ್ದೇನೆ.

ಅವರು ಉತ್ತರ ಕರ್ನಾಟಕದ ಪ್ರೊಟೆಸ್ಟೆಂಟ್ ಸಭೆಯೊಂದರಲ್ಲಿ ಬೆಳೆದ, 31 ವರ್ಷದ ನರ್ಸ್. ಘಾನಾ ದೇಶದ ಅಶಾಂತಿ ಪ್ರಾಂತದಲ್ಲಿ ಚರ್ಚಿನವರು ನಡೆಸುವ ಆಸ್ಪತ್ರೆಗೆ 3 ವರ್ಷಗಳ ಸೇವೆಗೆಂದು ಹೋಗಿ 7 ತಿಂಗಳಾಗಿತ್ತು. ಅಲ್ಲಿ ಮಧ್ಯಾಹ್ನ 3 ಗಂಟೆ, ಇಲ್ಲಿ ರಾತ್ರಿ ಎಂಟೂವರೆ. ಆ ಹೊತ್ತಿಗೆ ನಾವು ವಿಡಿಯೊ ಕರೆಯಲ್ಲಿ ಮಾತನಾಡುತ್ತಿದ್ದೆವು. ಮೊದಲ ದಿನ ಅವರು ಬಹಳ ಹೊತ್ತು ಸುಮ್ಮನಿದ್ದು, "ಮೇಡಂ, ನನಗ ಪ್ರಾರ್ಥನಾ ಮಾಡ್ಲಿಕ್ಕೆ ಆಗವಲ್ದು" ಎಂದರು. ಇತರರ ವಿಶ್ವಾಸವನ್ನು ಬಲಪಡಿಸಲು ಬಂದವಳಿಗೆ ತನ್ನದೇ ವಿಶ್ವಾಸ ಕೈಬಿಟ್ಟಿದೆಯೆಂಬ ನಾಚಿಕೆಯಲ್ಲಿ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಪ್ರತಿ ತಿಂಗಳು ಊರಿನ ಸಭೆಗೆ ಅವರು ಬರೆಯುತ್ತಿದ್ದ ಪತ್ರವನ್ನು ಭಾನುವಾರದ ಆರಾಧನೆಯ ಕೊನೆಯಲ್ಲಿ ಓದಲಾಗುತ್ತಿತ್ತು. ಅದರಲ್ಲಿ ಎಲ್ಲವೂ ಚೆನ್ನಾಗಿದೆ ಎಂದೇ ಇರುತ್ತಿತ್ತು.

ಆತ್ಮಿಕ ಬರಗಾಲವೆಂದು ಕಾಣುವುದೆಲ್ಲ ಆತ್ಮಿಕವೇ ಆಗಿರಬೇಕೆಂದಿಲ್ಲವಾದ್ದರಿಂದ, ಮೊದಲು ನಿದ್ರೆ, ಊಟ, ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂಬುದನ್ನು ನೇರವಾಗಿ ವಿಚಾರಿಸಿದೆ. ಸಾವಿನ ಯೋಚನೆ ಇರಲಿಲ್ಲ; ಆದರೆ ರಾತ್ರಿ ಭಯಾನಕ ಕನಸುಗಳು ಬರುತ್ತಿದ್ದವು. ಮಲೇರಿಯಾ ತಡೆಯಲು ಅವರು ವಾರಕ್ಕೊಮ್ಮೆ ಮೆಫ್ಲೋಕ್ವಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಕೆಲವರಲ್ಲಿ ಈ ಔಷಧ ದುಃಸ್ವಪ್ನ, ಆತಂಕ, ಖಿನ್ನತೆಗಳನ್ನು ಉಂಟುಮಾಡುತ್ತದೆ. ಅಲ್ಲಿನ ವೈದ್ಯರನ್ನು ಕಾಣಲು ಹೇಳಿದೆ, ಅವರು ಮಾತ್ರೆ ಬದಲಿಸಿದರು. ವಿದೇಶದಲ್ಲಿ ಸೇವೆ ಮಾಡುವವರ ಕಷ್ಟವನ್ನು ಕೇಳುವ ಸಭಾಪಾಲಕರು ಮತ್ತು ಸಲಹೆಗಾರರು ಈ ಪ್ರಶ್ನೆಯನ್ನು ಮರೆಯಬಾರದೆಂದು ಕೇಳಿಕೊಳ್ಳುತ್ತೇನೆ. ಕೆಲವು ವಾರಗಳಲ್ಲಿ ನಿದ್ರೆ ಸರಿಹೋಯಿತು, ಪ್ರಾರ್ಥನೆ ಮಾತ್ರ ಮರಳಲಿಲ್ಲ.

ಮೂರನೆಯ ಭೇಟಿಯಲ್ಲಿ ಅವರು ಒಂದು ಘಟನೆಯನ್ನು ದೂರಿನ ಧಾಟಿಯಲ್ಲಿ ಹೇಳಿದರು. ಜ್ವರದಿಂದ ಮಲಗಿದ್ದಾಗ ಅಲ್ಲಿನ ಸಭೆಯ ಸ್ತ್ರೀಯರ ಕೂಟದವರು ಹೇಳದೆ ಕೇಳದೆ ಬಂದು, ಜೋಳದ ಗಂಜಿ ಕಾಯಿಸಿ ಕುಡಿಸಿ, ಬಟ್ಟೆ ಒಗೆದು, ಸಂಜೆಯವರೆಗೆ ಹಾಸಿಗೆಯ ಬಳಿ ಕುಳಿತು ಹಾಡಿದ್ದರು. "ನಾನು ಸೇವೆ ಮಾಡಲು ಬಂದವಳು, ಇವರಿಂದ ಮಾಡಿಸಿಕೊಳ್ಳುವ ಹಾಗಾಯಿತಲ್ಲ" ಎಂಬುದು ಅವರ ಸಂಕಟ. ನನಗೆ ಇಡೀ ಪ್ರಕರಣದ ಗಂಟು ಇಲ್ಲೇ ಇದೆ ಅನ್ನಿಸಿತು. 7 ತಿಂಗಳು ಅವರು ಕೊಡುವವರಾಗಿಯೇ ಇದ್ದರು. ಆರಾಧನೆಯಲ್ಲಿ ಅತಿಥಿಯಂತೆ ಮುಂದಿನ ಬೆಂಚಿನಲ್ಲಿ ಕುಳಿತು, ಅರ್ಥವಾಗದ, ಅಲ್ಲಿನ ಜನರಾಡುವ ಟ್ವಿ ಭಾಷೆಯ ಬೋಧನೆಯನ್ನು ಕೇಳಿ, ಮನೆಗೆ ಬಂದು ಇಂಗ್ಲಿಷಿನಲ್ಲಿ ಪ್ರಾರ್ಥಿಸಲು ಪ್ರಯತ್ನಿಸುತ್ತಿದ್ದರು. ಹುಟ್ಟಿದಾಗಿನಿಂದ ದೇವರೊಡನೆ ಕನ್ನಡದಲ್ಲಿ ಮಾತನಾಡಿದವರಿಗೆ ಆ ಮಾತೇ ನಿಂತುಹೋಗಿತ್ತು.

ಅವರು ಬೆಳೆದದ್ದು ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಕಟ್ಟಿದ ಸಭೆಯಲ್ಲಿ. ಒಬ್ಬರೇ ಹೋಗಿ ಎಲ್ಲವನ್ನೂ ಸಾಧಿಸಿದ ಮಿಷನರಿಗಳ ಕಥೆಗಳನ್ನು ಕೇಳುತ್ತಾ ಬೆಳೆದು, ಆ ಅಳತೆಗೋಲಿನಿಂದಲೇ ತಮ್ಮನ್ನು ಅಳೆದುಕೊಳ್ಳುತ್ತಿದ್ದರು. ಅದೇ ಮಿಷನ್ 1834ರಲ್ಲಿ ಮಂಗಳೂರಿಗೆ ಬರುವ 6 ವರ್ಷ ಮೊದಲೇ, 1828ರಲ್ಲಿ, ಈಗಿನ ಘಾನಾದ ಕರಾವಳಿಗೆ ನಾಲ್ವರನ್ನು ಕಳುಹಿಸಿತ್ತು. ಕೆಲವೇ ವರ್ಷಗಳಲ್ಲಿ ನಾಲ್ವರೂ ತೀರಿಹೋದರು. 1832ರಲ್ಲಿ ಅಲ್ಲಿಗೆ ಬಂದ ಮಿಷನರಿ ಆಂಡ್ರಿಯಾಸ್ ರೀಸ್ ಜ್ವರದಿಂದ ಸಾಯುವ ಸ್ಥಿತಿಯಲ್ಲಿದ್ದಾಗ ಉಪಚರಿಸಿ ಉಳಿಸಿದ್ದು ಅಲ್ಲಿನ ನಾಟಿವೈದ್ಯ. 1843ರಲ್ಲಿ ಜಮೈಕಾ ಮತ್ತು ಆಂಟಿಗುವಾದಿಂದ ಕಪ್ಪು ಕ್ರೈಸ್ತ ಕುಟುಂಬಗಳು ಬಂದು ಅಕ್ರೊಪಾಂಗ್ ಎಂಬ ಊರಿನಲ್ಲಿ ನೆಲೆಸಿದ ಮೇಲೆ ಅಲ್ಲಿನ ಸಭೆ ನಿಜವಾಗಿ ಬೇರೂರಿತು. ಈ ಚರಿತ್ರೆಯನ್ನು ಇಬ್ಬರೂ ಕರೆಯಲ್ಲಿಯೇ ಓದಿದೆವು. "ಹಾಗಾದರೆ ರೀಸ್ ಕೂಡ ಮಾಡಿಸಿಕೊಂಡವರೇ" ಎಂದು ಅವರಾಗಿಯೇ ಹೇಳಿದರು. ಅದನ್ನು ನಾನು ಹೇಳಿದ್ದರೆ ಉಪದೇಶವಾಗುತ್ತಿತ್ತು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ದಿನವೂ 10 ನಿಮಿಷ ಗಟ್ಟಿಯಾಗಿ, ಕನ್ನಡದಲ್ಲಿಯೇ ಪ್ರಾರ್ಥಿಸಬೇಕು. ಮಾತು ಬಾರದಿದ್ದರೆ ಕೀರ್ತನೆಗಳ ಗ್ರಂಥವನ್ನು ಓದಬೇಕು. 137ನೆಯ ಕೀರ್ತನೆಯಿಂದ ಆರಂಭಿಸಲು ಹೇಳಿದೆ. ಪರದೇಶದಲ್ಲಿದ್ದು ದೇವರ ಹಾಡನ್ನು ಹಾಡುವುದು ಹೇಗೆಂದು ಅಳುವ, ಸೆರೆಹೋದ ಇಸ್ರಾಯೇಲ್ಯರ ದನಿ ಸತ್ಯವೇದದೊಳಗೇ ಇರುವಾಗ, ಅಂಥ ಅಳು ಅವಿಶ್ವಾಸವಲ್ಲವೆಂದು ಅವರಿಗೆ ತಿಳಿಯಬೇಕಿತ್ತು. ಭಾನುವಾರ ಮುಂದಿನ ಬೆಂಚನ್ನು ಬಿಟ್ಟು ಕೂಟದ ಹೆಂಗಸರ ಜೊತೆ ಕುಳಿತುಕೊಳ್ಳಬೇಕು, ಅವರಲ್ಲಿ ಒಬ್ಬರಿಂದ ಟ್ವಿ ಕಲಿಯಬೇಕು, ಯಾರಾದರೂ ಏನಾದರೂ ಕೊಟ್ಟರೆ ತಿರುಗಿ ಕೊಡುವ ಅವಸರವಿಲ್ಲದೆ ತೆಗೆದುಕೊಳ್ಳಬೇಕು ಎಂದೆ. ಊರಿನ ಸಭಾಪಾಲಕರಿಗೆ ಒಂದು ನಿಜವಾದ ಪತ್ರ ಬರೆಯಬೇಕೆಂಬುದು ಎಲ್ಲಕ್ಕಿಂತ ಕಠಿಣವಾಗಿತ್ತು. ಅದನ್ನು ಸಭೆಯಲ್ಲಿ ಓದಬೇಕೋ ಬೇಡವೋ ಎಂಬ ನಿರ್ಧಾರ ಅವರದೇ ಎಂದು ಸ್ಪಷ್ಟಪಡಿಸಿದೆ. ಆ ಪತ್ರ ಬರೆಯಲು 5 ವಾರ ಹಿಡಿಯಿತು. ಓದಬೇಡಿ ಎಂದೇ ಬರೆದರು, ನಾನು ಒತ್ತಾಯಿಸಲಿಲ್ಲ.

ಟ್ವಿ ಕಲಿಸಲು ಬಂದ ಹಿರಿಯ ಹೆಂಗಸು ಮೊದಲ ದಿನವೇ ಅವರು ಹುಟ್ಟಿದ ವಾರ ಯಾವುದೆಂದು ಕೇಳಿದರಂತೆ. ಶನಿವಾರ ಹುಟ್ಟಿದ ಹೆಣ್ಣುಮಗುವಿಗೆ ಅಲ್ಲಿ 'ಅಮಾ' ಎಂಬ ಹೆಸರಿದೆ. ಅಂದಿನಿಂದ ಕೂಟದವರಿಗೆಲ್ಲ ಅವರು 'ಸಿಸ್ಟರ್ ಅಮಾ'. ಊರಿನಲ್ಲಿ ಹಿರಿಯರು ತಮ್ಮನ್ನು 'ಅಮ್ಮಾ' ಎಂದು ಕರೆದಂತೆಯೇ ಕೇಳಿಸುತ್ತದೆಂದು ಹೇಳುವಾಗ ಅವರ ಗಂಟಲು ಕಟ್ಟಿತ್ತು. ಒಮ್ಮೆ ಕೂಟದವರು ಕೇಳಿದ್ದಕ್ಕೆ ಒಂದು ಕನ್ನಡ ಗೀತೆಯನ್ನೂ ಹಾಡಿದರು. ಪದಗಳು ಯಾರಿಗೂ ತಿಳಿಯದಿದ್ದರೂ ಎರಡನೆಯ ಚರಣದ ಹೊತ್ತಿಗೆ ಎಲ್ಲರೂ ಸ್ವರ ಸೇರಿಸಿದರಂತೆ. ಪ್ರಾರ್ಥನೆ ಈಗಲೂ ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಬಾರದ ದಿನ ಆ ಹಿರಿಯರು ಪಕ್ಕದಲ್ಲಿ ಕುಳಿತು ಟ್ವಿ ಭಾಷೆಯಲ್ಲಿ ಪ್ರಾರ್ಥಿಸುತ್ತಾರೆ, ಇವರು ಆಮೆನ್ ಎನ್ನುತ್ತಾರೆ.

ಎಂಟನೆಯ ಭೇಟಿ ಒಂದು ಶನಿವಾರಕ್ಕೆ ನಿಗದಿಯಾಗಿತ್ತು. ಬೆಳಿಗ್ಗೆಯೇ ಅವರ ಸಂದೇಶ ಬಂತು: ಸಭೆಯ ಒಬ್ಬರ ಅಂತ್ಯಕ್ರಿಯೆಯಿದೆ, ಅಡುಗೆಯ ಕೆಲಸಕ್ಕೆ ತಮ್ಮನ್ನೂ ಸೇರಿಸಿಕೊಂಡಿದ್ದಾರೆ, ಮಾತುಕತೆಯನ್ನು ಮುಂದಕ್ಕೆ ಹಾಕೋಣವೇ ಎಂದು. ಗುರುವಾರಕ್ಕೆ ಹಾಕಿದೆವು.