ಭಾಷೆ ಕಲಿಯುವ ಮಕ್ಕಳಿಗೆ ಮ್ಯೂಸಿಯಂ ಯಾಕೆ?

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಎಂಟನೇ ಕ್ಲಾಸಿನ ಮಗಳು ಶಾಲೆಯಲ್ಲಿ ಮ್ಯಾಂಡರಿನ್ ಕಲಿಯುತ್ತಿದ್ದಾಳೆ. ಈಗ ಟೀಚರ್ ಇಡೀ ಕ್ಲಾಸನ್ನು ಚೈನಾಟೌನ್‌ನ ಚೈನೀಸ್ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಾರಂತೆ. ನೂರೈವತ್ತು ವರ್ಷದ ಹಿಂದೆ ಚಿನ್ನ ಅಗೆಯಲು ಬಂದವರ ಕಥೆ ಕೇಳಿದರೆ ಭಾಷೆ ಬರುತ್ತದೆಯೇ? ಆ ದಿನ ಕ್ಲಾಸಿನಲ್ಲೇ ಪಾಠ ಮಾಡಿದ್ದರೆ ಒಳ್ಳೆಯದಿತ್ತು ಅಲ್ವಾ? ಹೋಗುವ ಮುಂಚೆ ಅವಳಿಗೆ ಏನಾದರೂ ಹೇಳಬೇಕೇ?
- ಒಬ್ಬ ತಾಯಿ, ಮೆಲ್ಬರ್ನ್

ಉತ್ತರ: ಖಂಡಿತ ಕಳಿಸಿ ಅಮ್ಮ. ಒಂದು ದಿನದ ಪಾಠ ಹೋದರೆ ಮುಂದಿನ ವಾರ ಮಾಡಿಕೊಳ್ಳಬಹುದು. ಚೀನಾದ ಜನ ನೀವಿರುವ ಊರಿಗೆ ಹೇಗೆ ಬಂದರು, ಬಂದವರನ್ನು ಹೇಗೆ ನಡೆಸಿಕೊಂಡರು ಅನ್ನೋದು ಪಠ್ಯಪುಸ್ತಕದ ಸಂಭಾಷಣೆಗಳಲ್ಲಿ ಎಲ್ಲಿ ಸಿಗುತ್ತದೆ ಹೇಳಿ.

ಕೋಹೆನ್ ಪ್ಲೇಸ್‌ನಲ್ಲಿರುವ ಈ ಮ್ಯೂಸಿಯಂ ಶುರುವಾಗಿದ್ದು 1985ರಲ್ಲಿ. ಮಕ್ಕಳು ಮೊದಲು ಓಡುವುದು ಮೆರವಣಿಗೆಯ ಡ್ರ್ಯಾಗನ್ ಹತ್ತಿರ. ಓಡಲಿ ಬಿಡಿ. ಆಮೇಲೆ ಚಿನ್ನದ ಗಣಿಗಳ ಭಾಗದಲ್ಲಿ ಸ್ವಲ್ಪ ನಿಧಾನವಾಗಿ ನೋಡಲು ಹೇಳಿ. 1851ರಲ್ಲಿ ಮೆಲ್ಬರ್ನ್ ಇರುವ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕ ಮೇಲೆ ದಕ್ಷಿಣ ಚೀನಾದಿಂದ ಸಾವಿರಾರು ಜನ ಹಡಗು ಹತ್ತಿದರು. 1855ರಲ್ಲಿ ವಿಕ್ಟೋರಿಯಾ ಸರ್ಕಾರ ಇಲ್ಲಿ ಬಂದಿಳಿಯುವ ಚೀನೀಯರ ಮೇಲೆ ಮಾತ್ರ ತಲೆಗೆ 10 ಪೌಂಡ್ ತೆರಿಗೆ ಹಾಕಿತು. ಅದನ್ನು ತಪ್ಪಿಸಲು ಹಡಗಿನವರು ಅವರನ್ನು ಪಕ್ಕದ ಸೌತ್ ಆಸ್ಟ್ರೇಲಿಯಾದ ರೋಬ್ ಅನ್ನೋ ಸಣ್ಣ ಬಂದರಿನಲ್ಲಿ ಇಳಿಸಿದರು. ಅಲ್ಲಿಂದ ಬ್ಯಾಲರಾಟ್, ಬೆಂಡಿಗೊ ಗಣಿಗಳಿಗೆ ನಡಿಗೆ. ನಾನೂರು ಕಿಲೋಮೀಟರಿಗೂ ಜಾಸ್ತಿ, ಹೆಗಲ ಮೇಲಿನ ಅಡ್ಡೆಯ ಎರಡೂ ಕಡೆ ಬುಟ್ಟಿ ನೇತುಹಾಕಿಕೊಂಡು, ಗುರುತು ಪರಿಚಯ ಇಲ್ಲದ ದೇಶದಲ್ಲಿ ಸಾಲಾಗಿ ವಾರಗಟ್ಟಲೆ ನಡೆದರು.

ಭಾಷೆಯ ವಿಷಯಕ್ಕೆ ಬರೋಣ. ಅವರಲ್ಲಿ ಹೆಚ್ಚಿನವರು ಮ್ಯಾಂಡರಿನ್ ಆಡುತ್ತಿರಲಿಲ್ಲ. ಗುವಾಂಗ್‌ಡಾಂಗ್ ಪ್ರಾಂತ್ಯದವರು, ಕ್ಯಾಂಟನೀಸ್ ಮತ್ತು ಅದರ ಹತ್ತಿರದ, ಸೀ ಯಪ್ (ಅದೇ ಪ್ರಾಂತ್ಯದ ನಾಲ್ಕು ಜಿಲ್ಲೆಗಳು) ಕಡೆಯ ಮಾತು ಅವರದ್ದು. ಹಳೆಯ ಫಲಕಗಳ ಲಿಪಿಯೂ ನಿಮ್ಮ ಮಗಳು ಕಲಿಯುವ ಲಿಪಿಗಿಂತ ಬೇರೆಯಾಗಿ ಕಂಡೀತು, ಯಾಕೆಂದರೆ ಶಾಲೆಗಳಲ್ಲಿ ಸಾಮಾನ್ಯವಾಗಿ ಕಲಿಸುವ ಸರಳ ಲಿಪಿ ಚೀನಾದಲ್ಲಿ ಬಳಕೆಗೆ ಬಂದಿದ್ದೇ 1950ರ ದಶಕದಲ್ಲಿ. ಯಾವ ಅಕ್ಷರ ಗುರುತು ಸಿಗುತ್ತದೆ, ಯಾವುದು ಸಿಗಲ್ಲ ಅಂತ ಅವಳೇ ಬರೆದುಕೊಂಡು ಬಂದು ಟೀಚರನ್ನು ಕೇಳಲಿ. ಒಳ್ಳೆಯ ಪಾಠ ಅದು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು. ಈ ದೇಶದಲ್ಲಿ ಭಾಷೆಯನ್ನೇ ಬಾಗಿಲಿಗೆ ಬೀಗ ಮಾಡಿಕೊಂಡಿದ್ದರು. 1901ರ ವಲಸೆ ಕಾನೂನಿನಲ್ಲಿ ಡಿಕ್ಟೇಶನ್ ಟೆಸ್ಟ್ ಅಂತ ಒಂದಿತ್ತು. ಅಧಿಕಾರಿ 50 ಪದಗಳ ಒಂದು ಭಾಗ ಓದುತ್ತಾನೆ, ಬಂದವನು ಕೇಳಿಕೊಂಡು ಬರೆಯಬೇಕು. ಯುರೋಪಿನ ಯಾವ ಭಾಷೆ ಅನ್ನೋದು ಅಧಿಕಾರಿಯ ಇಷ್ಟ. ಇಂಗ್ಲಿಷ್ ಬಂದರೆ ಇನ್ನೊಂದು ಭಾಷೆ. ಬೇಡದವರನ್ನು ಫೇಲ್ ಮಾಡುವುದಕ್ಕೆಂದೇ ಇದ್ದ ಪರೀಕ್ಷೆ! ಹಲವು ಭಾಷೆ ಬಲ್ಲ ಪತ್ರಕರ್ತ ಎಗಾನ್ ಕಿಶ್ ಅವರಿಗೆ 1934ರಲ್ಲಿ ಈ ಪರೀಕ್ಷೆಯನ್ನು ಸ್ಕಾಟ್ಲೆಂಡಿನ ಕೆಲವೇ ಜನ ಆಡುವ ಸ್ಕಾಟಿಷ್ ಗೇಲಿಕ್ ಭಾಷೆಯಲ್ಲಿ ಕೊಟ್ಟರು. ಅವರು ಕೋರ್ಟಿಗೆ ಹೋಗಿ ಗೆದ್ದರು, ಆದರೆ ಎಲ್ಲರಿಗೂ ಅದು ಆಗುವ ಮಾತೇ? ಪರೀಕ್ಷೆ ರದ್ದಾಗಿದ್ದು 1958ರಲ್ಲಿ.

ಇದು ಚೀನೀಯರ ಕಥೆ ಮಾತ್ರ ಅಂದುಕೊಳ್ಳಬೇಡಿ. ಭಾರತದವರಿಗೂ ಇದೇ ಕಾನೂನು. ಆಗಲೇ ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದ ಚೀನೀಯರು, ಭಾರತೀಯರು ಊರಿಗೆ ಹೋಗಿ ವಾಪಸ್ ಬರಬೇಕೆಂದರೆ ಈ ಪರೀಕ್ಷೆಯಿಂದ ವಿನಾಯಿತಿ ಪತ್ರ ತಗೊಳ್ಳಬೇಕಿತ್ತು. ಎದುರಿನಿಂದ ಒಂದು ಫೋಟೋ, ಪಕ್ಕದಿಂದ ಒಂದು, ಜೊತೆಗೆ ಮಸಿ ಹಚ್ಚಿ ಒತ್ತಿದ ಅಂಗೈ ಗುರುತು. ಅಪ್ಪ ಅಮ್ಮನ್ನ ನೋಡಿಕೊಂಡು ಬರೋಕೆ! ಅಂಥ ಪತ್ರಗಳು ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿ ಸಾವಿರಾರು ಇವೆ, ಎಷ್ಟೋ ಆನ್‌ಲೈನ್‌ನಲ್ಲೇ ಸಿಗುತ್ತವೆ. ಹೋಗುವ ಮುಂಚಿನ ರಾತ್ರಿ ಒಂದೆರಡನ್ನು ಮಗಳ ಜೊತೆ ಕೂತು ನೋಡಿ. ಬೇರೆ ಏನೂ ಹೇಳಬೇಕಾಗಿಲ್ಲ, ಅವಳೇ ಪ್ರಶ್ನೆ ಕೇಳುತ್ತಾಳೆ.

ಬಿಡುವಿದ್ದಾಗ ಸೌತ್ ಮೆಲ್ಬರ್ನ್‌ನ ಸೀ ಯಪ್ ದೇವಸ್ಥಾನಕ್ಕೂ ಮನೆಮಂದಿಯೆಲ್ಲ ಹೋಗಿ ಬನ್ನಿ. 1866ರ ಕಟ್ಟಡ, ಗಣಿಗೆ ಬಂದ ಜನರ ಸಂಘ ಕಟ್ಟಿಸಿದ್ದು. ಅದು ಪೂಜೆಯ ಜಾಗ, ಹಾಗಾಗಿ ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ.