ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಮಾತಾಡುವಾಗ ಹೆದರಿಸಬೇಕಾ?

ನಿಮ್ಮ ಮಹಿಳಾ ಸಂಘದ ಸಭೆಯಲ್ಲಿ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಬಗ್ಗೆ ಅರ್ಧ ಗಂಟೆ ಮಾತಾಡಬೇಕಿದೆ, ರೋಗ ಮುಂದುವರಿದವರ ಫೋಟೊ ತೋರಿಸಿದರೆ ಪರಿಣಾಮ ಜಾಸ್ತಿ ಆಗುತ್ತಾ ಎಂದು ಕೇಳಿದ್ದೀರಿ. ದಯವಿಟ್ಟು ತೋರಿಸಬೇಡಿ. ನಾನು ಸ್ತ್ರೀರೋಗ ವಿಭಾಗದಲ್ಲಿ ನರ್ಸ್. ನಾನು ಕಂಡಂತೆ, ಹೆದರಿದವರು ಪರೀಕ್ಷೆಗೆ ಬರುವುದಿಲ್ಲ. ಇದ್ದರೂ ಗೊತ್ತಾಗುವುದೇ ಬೇಡ ಅಂತ ಮನೆಯಲ್ಲೇ ಉಳಿದುಬಿಡುತ್ತಾರೆ.

ಈ ಕಾಯಿಲೆ ಬಗ್ಗೆ ಹೇಳಲು ಒಳ್ಳೆಯ ಸುದ್ದಿಯೇ ಇದೆ, ಅದನ್ನು ಮೊದಲು ಹೇಳಿ. ಇದು ರಾತ್ರೋರಾತ್ರಿ ಬರುವುದಲ್ಲ. ಹೆಚ್ಚುಕಡಿಮೆ ಎಲ್ಲರಲ್ಲೂ ಇದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದು ತಗುಲಿದರೂ ಬಹುಪಾಲು ಜನರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಓಡಿಸಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿಗೆ ಚಿಕಿತ್ಸೆ ಪಡೆಯದವರಲ್ಲಿ 5ರಿಂದ 10 ವರ್ಷ ಸಾಕು. ಇಷ್ಟೆಲ್ಲ ಸಮಯ ಇದ್ದರೂ 2022ರಲ್ಲಿ ಜಗತ್ತಿನಲ್ಲಿ ಸುಮಾರು 3.5 ಲಕ್ಷ ಹೆಂಗಸರು ಇದರಿಂದ ತೀರಿಕೊಂಡರು. ನನಗೆ ಸಿಟ್ಟು ಬರುವುದು ಇದಕ್ಕೇ.

'ನನಗೇನೂ ತೊಂದರೆ ಇಲ್ಲವಲ್ಲ, ಪರೀಕ್ಷೆ ಯಾಕೆ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತೊಂದರೆ ಇಲ್ಲದಾಗಲೇ ಮಾಡಿಸಬೇಕಾದ ಪರೀಕ್ಷೆ ಇದು. ಜೀವಕೋಶ ಕೆಡುವ ಹಂತದಲ್ಲಿ ನೋವಿಲ್ಲ, ರಕ್ತ ಇಲ್ಲ, ಏನೂ ಗೊತ್ತಾಗುವುದಿಲ್ಲ. 30 ದಾಟಿದವರು 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಮಾಡಿಸಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಚ್‌ಐವಿ ಇದ್ದವರು 25ಕ್ಕೇ ಶುರುಮಾಡಿ, 3ರಿಂದ 5 ವರ್ಷಕ್ಕೊಮ್ಮೆ ಮಾಡಿಸಬೇಕು. ಎಚ್‌ಪಿವಿ ಪರೀಕ್ಷೆ ಸಿಗದ ಕಡೆ ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್ ಇದೆ, ಇಲ್ಲವೇ ತೆಳು ಅಸಿಟಿಕ್ ಆಮ್ಲ ಹಚ್ಚಿ ಬಿಳಿ ಆದ ಜಾಗ ನೋಡುವ ವಿಧಾನ ಇದೆ. ಅವನ್ನು ಇನ್ನೂ ಕಡಿಮೆ ಅಂತರದಲ್ಲಿ ಮಾಡಿಸಬೇಕಾಗುತ್ತದೆ.

ನಿಮ್ಮ ಅರ್ಧ ಗಂಟೆಯಲ್ಲಿ ಹತ್ತು ನಿಮಿಷವನ್ನಾದರೂ ಒಳಗೆ ಏನು ಮಾಡುತ್ತಾರೆ ಎಂದು ಹೇಳುವುದಕ್ಕೆ ಇಡಿ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಲ್ಲರ ತಲೆಯಲ್ಲೂ ಅದೇ ಓಡುತ್ತಿರುತ್ತದೆ. ಮಂಡಿ ಮಡಚಿ ಮಲಗಬೇಕು. ಮೇಲೆ ಬಟ್ಟೆ ಹೊದಿಸಿರುತ್ತಾರೆ. ಯೋನಿಯೊಳಗೆ ಸ್ಪೆಕ್ಯುಲಮ್ ಎಂಬ ಸಾಧನ ಇಟ್ಟು, ಪುಟ್ಟ ಬ್ರಷ್‌ನಿಂದ ಮಾದರಿ ತೆಗೆಯುತ್ತಾರೆ. ಕೆಲವೇ ನಿಮಿಷ. ಒಂಥರಾ ಒತ್ತಿದ ಹಾಗೆ ಅನ್ನಿಸಬಹುದು. ನೋವಾದರೆ ನಿಲ್ಲಿಸಿ ಅನ್ನಬಹುದು, ಲೇಡಿ ಡಾಕ್ಟರ್ ಬೇಕು ಅಂತಲೂ ಕೇಳಬಹುದು. ಎಚ್‌ಪಿವಿ ಪರೀಕ್ಷೆಗಾದರೆ ಎಷ್ಟೋ ಕಡೆ ಮಾದರಿಯನ್ನು ನೀವೇ ತೆಗೆದುಕೊಡಬಹುದು. ಇದು ಗೊತ್ತಾದರೆ ನಾಚಿಕೆಪಡುವವರಿಗೆ ಅರ್ಧ ಭಾರ ಇಳಿಯುತ್ತದೆ.

ಪಾಸಿಟಿವ್ ಬಂದರೆ ಕ್ಯಾನ್ಸರ್ ಬಂದಿದೆ ಅಂತ ಅರ್ಥ ಅಲ್ಲ. ಇನ್ನೊಂದು ಸುತ್ತು ನೋಡಬೇಕು, ಅಷ್ಟೇ. ಕೆಟ್ಟ ಜೀವಕೋಶ ಕಂಡರೂ ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಸುಡುತ್ತಾರೆ, ಹೆಪ್ಪುಗಟ್ಟಿಸುತ್ತಾರೆ ಅಥವಾ ಕತ್ತರಿಸಿ ತೆಗೆಯುತ್ತಾರೆ. ಬಹುಪಾಲು ಜನ ಅವತ್ತೇ ಮನೆಗೆ ಹೋಗುತ್ತಾರೆ. ಗರ್ಭಕೋಶವನ್ನೇ ತೆಗೆದುಬಿಡುತ್ತಾರೆ ಎನ್ನುವ ಭಯ ತುಂಬಾ ಜನರಿಗಿದೆ, ಅದನ್ನು ನೀವೇ ಎತ್ತಿ ಮಾತಾಡಿ.

ಇನ್ನು ಸೂಕ್ಷ್ಮದ ವಿಷಯ. ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂದ ಕೂಡಲೇ ಸಭೆ ತಣ್ಣಗಾಗುತ್ತದೆ. 'ನಾನು ಅಂಥವಳಲ್ಲ' ಎಂದು ಕೆಲವರು, 'ಹಾಗಾದರೆ ನಮ್ಮ ಯಜಮಾನರು?' ಎಂದು ಇನ್ನು ಕೆಲವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಸುತ್ತಿಬಳಸದೆ ಹೇಳಿಬಿಡಿ: ಲೈಂಗಿಕ ಜೀವನ ಇರುವ ಬಹುತೇಕ ಎಲ್ಲರಿಗೂ, ಗಂಡಸರಿಗೂ, ಯಾವಾಗಲಾದರೊಮ್ಮೆ ಇದು ತಗುಲುತ್ತದೆ. ಎಷ್ಟೋ ವರ್ಷ ಸುಮ್ನೆ ಅಡಗಿರಲೂಬಹುದು. ಯಾರಿಂದ, ಯಾವಾಗ ಬಂತು ಎಂದು ಪರೀಕ್ಷೆಯಿಂದ ಗೊತ್ತಾಗುವುದಿಲ್ಲ. ಹಾಗಾಗಿ ಯಾರ ನಡತೆಗೂ ಇದು ಸರ್ಟಿಫಿಕೇಟ್ ಅಲ್ಲ.

ಈ ವೈರಸ್ ತಡೆಯುವ ಲಸಿಕೆ ಬಗ್ಗೆ ತಾಯಂದಿರು ಕೇಳುತ್ತಾರೆ. 9ರಿಂದ 14 ವರ್ಷದೊಳಗೆ, ಅಂದರೆ ವೈರಸ್ ತಗುಲುವ ಸಾಧ್ಯತೆ ಶುರುವಾಗುವ ಮುಂಚೆ, ಕೊಡಿಸಿದರೆ ಪ್ರಯೋಜನ ಜಾಸ್ತಿ. ಈ ವಯಸ್ಸಿಗೆ ಒಂದು ಅಥವಾ ಎರಡು ಡೋಸ್ ಸಾಕು. ಇಂಗ್ಲೆಂಡ್‌ನಲ್ಲಿ 12-13ನೇ ವಯಸ್ಸಿಗೆ ಲಸಿಕೆ ಕಾರ್ಯಕ್ರಮ ಸಿಕ್ಕ ಹುಡುಗಿಯರಲ್ಲಿ ಈ ಕ್ಯಾನ್ಸರ್ 87% ಕಡಿಮೆಯಾಯಿತು. ಮುಂದೆ ಮಕ್ಕಳಾಗುವುದಿಲ್ಲ ಎನ್ನುವುದು ಬರೀ ಗಾಳಿಮಾತು. ಆದರೆ ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯುವುದಿಲ್ಲ, ಹಾಗಾಗಿ ಹಾಕಿಸಿಕೊಂಡವರಿಗೂ ದೊಡ್ಡವರಾದ ಮೇಲೆ ಪರೀಕ್ಷೆ ಬೇಕು.

ಲೈಂಗಿಕ ಸಂಪರ್ಕದ ನಂತರ ರಕ್ತ ಕಂಡವರು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಬಂದವರು, ವಾಸನೆಯ ಸ್ರಾವ ಇರುವವರು ಯಾವ ಶಿಬಿರಕ್ಕೂ ಕಾಯದೆ ನೇರವಾಗಿ ಡಾಕ್ಟರ್ ಹತ್ತಿರ ಹೋಗಲಿ.

ಕೊನೆಗೆ ಚಪ್ಪಾಳೆ ಹೊಡೆಸಿ ಕಳಿಸಬೇಡಿ. ಹತ್ತಿರದ ಆಸ್ಪತ್ರೆಯವರನ್ನು ಮೊದಲೇ ಕೇಳಿ ದಿನ ಗೊತ್ತುಮಾಡಿಕೊಂಡಿರಿ, ಬರುವವರ ಹೆಸರು ಅಲ್ಲೇ ಬರೆದುಕೊಳ್ಳಿ. ಆ ದಿನ ಮುಟ್ಟಾಗಿದ್ದರೆ ಬೇರೆ ದಿನ ಕೊಡಿ. ರಿಪೋರ್ಟ್ ಕೇಳಲು ಯಾರಿಗೆ ಫೋನ್ ಮಾಡಬೇಕು, ಪಾಸಿಟಿವ್ ಬಂದವರ ಜೊತೆ ಆಸ್ಪತ್ರೆಗೆ ಯಾರು ಹೋಗುತ್ತಾರೆ ಎನ್ನುವುದನ್ನೂ ಅವತ್ತೇ ತೀರ್ಮಾನಿಸಿಕೊಳ್ಳಿ.