ಟೀಚರ್ ಹತ್ತಿರ ಕೇಳಿ: ಒಂಬತ್ತನೇ ವಾರದಲ್ಲಿ ನಿಂತ ಪುಸ್ತಕ

ಪ್ರಶ್ನೆ: ಟೀಚರ್, ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದೇನೆ. ವಾರಕ್ಕೊಂದು ಕನ್ನಡ ಪುಸ್ತಕ ಓದಿ, ಅದರ ಬಗ್ಗೆ ಎರಡು ಪುಟ ಬರೆಯಬೇಕು ಅಂತ ಜನವರಿ 1ಕ್ಕೆ ಶುರು ಮಾಡಿದೆ. ವರ್ಷಕ್ಕೆ 52. ಎಂಟು ಮುಗಿಯಿತು. ಒಂಬತ್ತನೆಯದು ಮೂರು ವಾರದಿಂದ ದಿಂಬಿನ ಪಕ್ಕದಲ್ಲೇ ಇದೆ. ಕೊಯ್ಲು, ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಬಟವಾಡೆ ಎಲ್ಲ ಮುಗಿಸಿ ಮನೆಗೆ ಬಂದರೆ ಕಣ್ಣು ಎಳೆಯುತ್ತದೆ. ಅದಕ್ಕಿಂತ ಬೇಜಾರು ಏನೆಂದರೆ, ನಾನು ಬರೆದಿದ್ದೆಲ್ಲ ಬರೀ ಕಥೆಯ ಸಾರಾಂಶ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಪುಸ್ತಕ ನಿಂತ ತಿಂಗಳು ಯಾವುದು ನೋಡಿ. ರೋಬಸ್ಟಾ ಕಾಫಿಯ ಕೊಯ್ಲಿನ ಹೊತ್ತಿನಲ್ಲಿ ತೋಟದ ರೈಟರ್‌ಗೆ ಊಟಕ್ಕೇ ಪುರುಸೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲೂ ಎಂಟು ಪುಸ್ತಕ ಓದಿದ್ದೀರಿ. ನನಗೆ ಅದು ದೊಡ್ಡದಾಗಿಯೇ ಕಾಣುತ್ತದೆ.

ಹೈಸ್ಕೂಲಿನಿಂದ ರಿಟೈರ್ ಆದ ವರ್ಷ ನಾನೂ ಇದನ್ನೇ ಮಾಡಿದೆ. ಶನಿವಾರಸಂತೆಯ ನಮ್ಮ ಮನೆಯಲ್ಲಿ, ಜೂನ್‌ನಿಂದ ಜೂನ್‌ವರೆಗೆ. ಮೊದಲ ವಾರ ಹಿಡಿದದ್ದು ಮಾಸ್ತಿಯವರ 'ಚಿಕವೀರ ರಾಜೇಂದ್ರ'. 1956ರಲ್ಲಿ ಬಂದ ಕಾದಂಬರಿ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದದ್ದು ಇದಕ್ಕೇ. 1834ರಲ್ಲಿ ಬ್ರಿಟಿಷರು ಗದ್ದುಗೆಯಿಂದ ಇಳಿಸಿದ ನಮ್ಮ ಕೊಡಗಿನ ಕೊನೆಯ ರಾಜನ ಕಥೆ. ಓದಿ ನಾಲ್ಕು ಪುಟ ಬರೆದೆ. ರಾಜ ಹೇಗೆ ಕೆಟ್ಟ, ಯಾರು ತಡೆಯಲು ನೋಡಿದರು, ಕೊನೆಗೆ ಏನಾಯಿತು, ಎಲ್ಲ. ವಿರಾಜಪೇಟೆಯಿಂದ ಬಂದಿದ್ದ ಅಕ್ಕ ಅದನ್ನು ಓದಿ, "ಈ ಕಥೆ ನಂಗೂ ಗೊತ್ತು ಕಣೇ. ನಿಂಗೆ ಎಲ್ಲಿ ಮನಸ್ಸು ನಿಂತಿತು?" ಅಂತ ಕೇಳಿದರು.

ನನ್ನ ಮನಸ್ಸು ನಿಂತದ್ದು ಮಡಿಕೇರಿ ಕೋಟೆಯ ಅಂಗಳದಲ್ಲಿ. ಅಲ್ಲಿ ಎರಡು ಆನೆಗಳ ಪ್ರತಿಮೆ ಇದೆಯಲ್ಲ, ನಿಜವಾದ ಆನೆಯಷ್ಟೇ ದೊಡ್ಡವು. ಚಿಕ್ಕವಳಿದ್ದಾಗ ಅಪ್ಪ ಕೋಟೆಯ ಆಫೀಸಿಗೆ ಕಾಗದಪತ್ರ ಹಿಡಿದು ಹೋದರೆ, ನಾನು ಆ ಆನೆಗಳ ಕಾಲ ಸಂದಿಯಲ್ಲಿ ಆಡುತ್ತಿದ್ದೆ. ನನಗೆ ಅದು ಆಟದ ಜಾಗ. ಕಾದಂಬರಿ ಓದಿದ ಮೇಲೆ ಅದೇ ಅಂಗಳದಲ್ಲಿ ಜನ ಉಸಿರು ಬಿಗಿ ಹಿಡಿದು ನಿಂತಿದ್ದಂತೆ ಕಾಣತೊಡಗಿತು. ನಾಲ್ಕೂ ಪುಟ ಹರಿದೆ. ಆ ಅಂಗಳದ ಬಗ್ಗೆ, ಮಾಸ್ತಿಯವರು ಗಟ್ಟಿ ದನಿ ಎತ್ತದೆ ಆ ಭಯವನ್ನು ಹೇಗೆ ತಂದರು ಅನ್ನುವುದರ ಬಗ್ಗೆ ಒಂದೂವರೆ ಪುಟ ಬರೆದೆ. ಅದನ್ನೇ ನನ್ನ ಮೊದಲ ವಿಮರ್ಶೆ ಅಂದುಕೊಂಡಿದ್ದೇನೆ.

ಆಮೇಲೆ ಅದೇ ಅಭ್ಯಾಸವಾಯಿತು. ಹೆಚ್ಚಿನ ಪುಸ್ತಕಗಳು ಲೈಬ್ರರಿಯವು, ಗೀಚುವ ಹಾಗಿಲ್ಲ. ಮನಸ್ಸು ನಿಂತ ಪುಟಕ್ಕೆಲ್ಲ ಬಸ್ ಟಿಕೆಟ್ ಹರಿದು ಇಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಆ ಪುಟಗಳನ್ನು ಮಾತ್ರ ತೆರೆಯುವುದು. ಒಂದು ಚೂರು ಟಿಕೆಟ್ಟೂ ಇಲ್ಲದ ಪುಸ್ತಕ ಬಂದರೆ ಅದನ್ನೂ ಹಾಗೆಯೇ ಬರೆಯುತ್ತಿದ್ದೆ: ಎಲ್ಲೂ ನಿಲ್ಲಲಿಲ್ಲ, ಯಾಕೆ ನಿಲ್ಲಲಿಲ್ಲ ಅಂತ. ಕಥೆಗೆ ಐದೇ ಸಾಲು. 'ಮನೋಜ್ಞ', 'ಹೃದಯಸ್ಪರ್ಶಿ' ಅನ್ನುವ ಮಾತು ನನ್ನ ನೋಟ್‌ಬುಕ್ಕಿಗೆ ಬರಕೂಡದು ಅಂತ ಮೊದಲ ಪುಟದಲ್ಲೇ ಬರೆದಿಟ್ಟಿದ್ದೆ. ಯಾವ ಪುಸ್ತಕಕ್ಕೂ ಅಂಟಿಸಬಹುದಾದ ಮಾತು ಅವು, ಅಲ್ವಾ?

ಇನ್ನು ಸಮಯ. ನನ್ನ ಓದು ಗಂಟೆಗೆ ಸುಮಾರು 30 ಪುಟ. 200 ಪುಟದ ಪುಸ್ತಕವಾದರೆ ಆರು ದಿನ, ದಿನಕ್ಕೆ ಒಂದು ಗಂಟೆ ಮೇಲೆ ಸ್ವಲ್ಪ. ಮಳೆಗಾಲದಲ್ಲಿ ಅದು ಆಗುತ್ತದೆ, ಕೊಯ್ಲಿನಲ್ಲಿ ಆಗುವುದಿಲ್ಲ. ಹಾಗಾಗಿ ಪುಸ್ತಕವನ್ನು ತಿಂಗಳು ನೋಡಿ ಆರಿಸಿ. ಕೊಯ್ಲಿನ ವಾರಗಳಿಗೆ ನಾಟಕ, ಕವನ ಸಂಕಲನ, ಸಣ್ಣ ಕಥೆ. ಕೊಡಗಿನ ಗೌರಮ್ಮನವರನ್ನು ನೀವಿನ್ನೂ ಓದಿರದಿದ್ದರೆ ಈ ವಾರವೇ ತನ್ನಿ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1939ರಲ್ಲಿ, 27 ವರ್ಷಕ್ಕೇ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಅವರ ಗಂಡ ಕಾಫಿ ತೋಟದ ಮ್ಯಾನೇಜರ್. ನಿಮ್ಮ ಹಾಗೆ ಅವರೂ ತೋಟದ ಬದುಕನ್ನು ಹತ್ತಿರದಿಂದ ಕಂಡವರು. ರಾತ್ರಿಗೊಂದು ಕಥೆ ಸಾಕು. ದೀಪ ಆರಿಸಿದ ಮೇಲೂ ಆ ಕಥೆಗಳ ಹೆಂಗಸರು ಕಣ್ಣ ಮುಂದೆ ಇರುತ್ತಾರೆ.

ದಪ್ಪ ಪುಸ್ತಕಕ್ಕೆ ವಾರದ ಲೆಕ್ಕ ಹಚ್ಚಲೇಬೇಡಿ. 'ಮಲೆಗಳಲ್ಲಿ ಮದುಮಗಳು' 700 ಪುಟ ದಾಟುತ್ತದೆ. ಅದನ್ನು ಏಳು ದಿನದಲ್ಲಿ ಓಡಿಸುವುದು ಪುಸ್ತಕಕ್ಕೂ ಅನ್ಯಾಯ, ನಿಮಗೂ. ನನಗೆ ಐದು ವಾರ ಬೇಕಾಯಿತು. ಆಗಸ್ಟ್‌ನಲ್ಲಿ ಮರ ಬಿದ್ದು ಐದು ದಿನ ಕರೆಂಟ್ ಇಲ್ಲದೆ ಇನ್ನೊಂದು ವಾರ ಹೋಯಿತು. ವರ್ಷದ ಕೊನೆಗೆ ಆದದ್ದು 47. ಆ 47ರಲ್ಲಿ ಯಾವುದನ್ನು ಕೇಳಿದರೂ ಇವತ್ತಿಗೂ ನಾನು ನಿಂತ ಪುಟ ಹೇಳಬಲ್ಲೆ.

ನಿಮ್ಮ ಒಂಬತ್ತನೇ ಪುಸ್ತಕ ಎಷ್ಟನೇ ಪುಟದಲ್ಲಿದೆ? 50 ಓದಿಯೂ ಎಳೆಯದಿದ್ದರೆ ವಾಪಸ್ ಕೊಡಿ. ಯಾಕೆ ಕೊಟ್ಟಿರಿ ಅಂತ ಅರ್ಧ ಪುಟ ಬರೆದು, ಹತ್ತನೆಯದಕ್ಕೆ ಹೋಗಿ.

ಪ್ರಶ್ನೆ: ನಾನೂ ವಾರಕ್ಕೊಂದು ಪುಸ್ತಕದ ಬಗ್ಗೆ ಬರೆಯುತ್ತೇನೆ. ನಮ್ಮೂರಿನ ಹಿರಿಯರೊಬ್ಬರು ತಮ್ಮ ಕವನ ಸಂಕಲನ ಕೊಟ್ಟು, ಬರಿ ಅಂದಿದ್ದಾರೆ. ನನಗೆ ಹಿಡಿಸಲಿಲ್ಲ. ದಿನಾ ಎದುರು ಸಿಗುವವರು. ಏನು ಮಾಡಲಿ? (ಓದುಗರು, ಸುಂಟಿಕೊಪ್ಪ)

ಉತ್ತರ: ಎರಡನೇ ಸಲ ಓದಿ. ಸಂಕಲನ ಪೂರ್ತಿ ಹಿಡಿಸದಿದ್ದರೂ ಒಂದು ಪದ್ಯ, ನಾಲ್ಕು ಸಾಲು ಸಿಗಬಹುದು. ಸಿಕ್ಕರೆ ಅದನ್ನು ಬರೆಯಿರಿ. ಉಳಿದದ್ದು ಯಾಕೆ ತಟ್ಟಲಿಲ್ಲ ಅನ್ನುವುದನ್ನೂ ಒಂದು ಉದಾಹರಣೆ ಕೊಟ್ಟು ಬರೆಯಿರಿ. ಅಚ್ಚಿಗೆ ಕೊಡುವ ಮೊದಲು ಅವರ ಮನೆಗೇ ಹೋಗಿ ಓದಿ ಹೇಳಿ. ನಾನು ಒಮ್ಮೆ ಹೀಗೆ ಹೋದಾಗ ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, ಒಂದು ಪದ್ಯದ ಹಳೆಯ ಕರಡು ತಂದು ತೋರಿಸಿದರು. ಅಚ್ಚಾದದ್ದಕ್ಕಿಂತ ಅದೇ ಚೆನ್ನಾಗಿತ್ತು. ಸುಳ್ಳು ಹೊಗಳಿಕೆ ಮಾತ್ರ ಬೇಡ. ಅದನ್ನು ನಂಬಿ ಯಾರೋ ದುಡ್ಡು ಕೊಟ್ಟು ಪುಸ್ತಕ ತಗೊಳ್ಳುತ್ತಾರೆ.

ಪ್ರಶ್ನೆ: ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಏನು ಉಪಾಯ? (ಓದುಗರು, ಭಾಗಮಂಡಲ)

ಉತ್ತರ: ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಪ್ಲಾಸ್ಟಿಕ್ ಕವರ್ ಹಾಕಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಪುಸ್ತಕಗಳನ್ನು ಬಿಗಿಯಾಗಿ ತುರುಕದೆ, ವಾರಕ್ಕೊಮ್ಮೆ ತೆಗೆದು ಪುಟ ಬಿಡಿಸಿ. ಬೂಷ್ಟು ಬಂದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಇನ್ನೂ ಹರಡುತ್ತದೆ. ಪೂರ್ತಿ ಒಣಗಲು ಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಗಲಿಗೆ ತಂದು ಮೆತ್ತಗಿನ ಬ್ರಷ್‌ನಲ್ಲಿ ಗುಡಿಸಿ. ಸೆಪ್ಟೆಂಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಬೆಳಗಿನ ಎಳೆ ಬಿಸಿಲಿಗೆ ಅರ್ಧ ಗಂಟೆ ಇಟ್ಟರೆ ಸಾಕು. ಮಧ್ಯಾಹ್ನದ ಬಿಸಿಲಿಗೆ ಕಾಗದ ಹಳದಿಯಾಗಿ ಬೈಂಡಿಂಗಿನ ಗೋಂದು ಬಿಡುತ್ತದೆ.